ಹೊಲಿಗೆ ಮೆಷಿನ್ನಿನ ಕೆಳಗೆ ತೌಹು

ನಮ್ಮ ನಾಯಿಗೆ ಪಟಾಕಿಯ ಭಯ ಬಿಡಿಸಿದವಳು ಪಟಾಕಿ ಮಾರುವವಳೇ ಎಂದರೆ ಕೇಳಿದವರು ನಗುತ್ತಾರೆ. ಭಯ ಪೂರ್ತಿ ಬಿಟ್ಟಿದೆಯೇ ಎಂದರೆ ಹೌದೆನ್ನಲು ನನಗೆ ಧೈರ್ಯವಿಲ್ಲ. ಅವಳೊಬ್ಬಳೇ ಬಿಡಿಸಿದಳೇ ಎಂದರೆ ಅದೂ ಅಲ್ಲ. ಆದರೆ ಎದುರು ಮನೆಯ ಬೀಕಿಮ್ ಅಕ್ಕ ಇಲ್ಲದಿದ್ದರೆ ನಮ್ಮ ಮನೆ ಇವತ್ತು ಹೀಗಿರುತ್ತಿರಲಿಲ್ಲ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಅವಳದು ಊದುಬತ್ತಿಯ ಅಂಗಡಿ. ದೇವರಿಗೆ ಕಾಣಿಕೆಯೆಂದು ಸುಡುವ ಚಿನ್ನದ ಬಣ್ಣದ ಕಾಗದ, ಕೆಂಪು ಮೇಣದಬತ್ತಿ, ಗೋಡೆಯುದ್ದಕ್ಕೂ ತೂಗುಹಾಕಿದ ಪಟಾಕಿ ಸರಗಳು. ತೈವಾನಿನ ನಮ್ಮ ಈ ದಕ್ಷಿಣದ ಕಡೆ ಪಟಾಕಿ ಹಚ್ಚದೆ ಹೊಸ ಅಂಗಡಿಯ ಬಾಗಿಲು ತೆರೆಯುವುದಿಲ್ಲ, ಮದುಮಗಳು ಕಾರಿನಿಂದ ಇಳಿಯುವುದಿಲ್ಲ, ದೇವರ ಪೂಜೆ ಮುಗಿಯುವುದಿಲ್ಲ. ಹಾಗಾಗಿ ಮಾದೋವ್ ಪೇಟೆಯಲ್ಲಿ ಬೀಕಿಮ್ ಅಕ್ಕನ ಅಂಗಡಿಗೆ ಹೋಗದ ಮನೆಯಿಲ್ಲ.

ನಾಯಿಯ ಹೆಸರು ತೌಹು. ಸೋಯಾ ಹಾಲಿನ ಬಿಳಿ, ಮೆತ್ತನೆಯ ಗಡ್ಡೆಗೆ, ಅಂದರೆ ತೋಫುವಿಗೆ, ನಾವು ಕರೆಯುವ ಹೆಸರು ಅದು; ಅದರ ಬಣ್ಣವೂ ಹಾಗೇ, ಸ್ವಭಾವವೂ ಹಾಗೇ. ಒಂದು ಕಿವಿ ಯಾವಾಗಲೂ ಮಡಚಿಕೊಂಡಿರುತ್ತದೆ. ಸಂತೆಯ ಹಿಂದೆ ಸಿಕ್ಕ ಮರಿ. ಮನೆಗೆ ತಂದವರು ನಮ್ಮನೆಯವರು, ಚುಯಿಬೊಕ್.

ನಮ್ಮನೆಯವರು ದರ್ಜಿ. ಈ ಪೇಟೆಯ ಶಾಲೆಯ ಮಕ್ಕಳೆಲ್ಲ ಒಂದು ಕಾಲಕ್ಕೆ ಅವರು ಹೊಲಿದ ಸಮವಸ್ತ್ರ ಹಾಕಿಕೊಂಡೇ ಓಡಾಡಿದವರು. ಲಕ್ವ ಹೊಡೆದ ಮೇಲೆ ಬಲಗೈ ಮತ್ತು ಬಲಗಾಲು ಸೋತವು. ಮಾತೂ ಸೋತಿತು. ಮಾತು ಪೂರ್ತಿ ಹೋಗಲಿಲ್ಲ, ಚೆಲ್ಲಾಪಿಲ್ಲಿಯಾಯಿತು. ಚಹಾ ಬೇಕಾದರೆ "ಕತ್ತರಿ" ಎನ್ನುವರು. ಹಿಂದಿನ ಪದ ಮುಂದೆ, ಮುಂದಿನದು ಹಿಂದೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ನನಗೆ ಹೇಳಿದ್ದಳು: "ಅವರು ಹಿಂದೆ ಮುಂದೆ ಮಾಡಿ ಹೇಳಿದ್ರೆ ನೀವು ಸರಿಯಾಗಿ, ನಿಧಾನಕ್ಕೆ ಮತ್ತೆ ಹೇಳಿ ಅಮ್ಮಾ." ನಾನು ದೊಡ್ಡವಳಾದ ಮೇಲೆ ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಯಾರಾದರೂ ಬಲ್ಲವರು ಹೀಗೆ ಮಾಡು ಎಂದರೆ ಹಾಗೇ ಮಾಡುವುದು ನನ್ನ ಅಭ್ಯಾಸ. ಒಂದಿಷ್ಟು ಹೆಚ್ಚೇ ಮಾಡುತ್ತೇನೆ. ಅವರು ಬಾಯಿ ತೆರೆದಾಗಲೆಲ್ಲ ನಾನು ತಿದ್ದುತ್ತಿದ್ದೆ.

ನಡೆಯಬೇಕು, ನಡೆಯದಿದ್ದರೆ ಕಾಲು ಹಾಗೇ ಮರಗಟ್ಟುತ್ತದೆ ಎಂದು ಎಲ್ಲ ಡಾಕ್ಟರುಗಳೂ ಹೇಳಿದರು. ನಾನು ಬೇಡಿಕೊಂಡರೂ ಅವರು ಏಳಲಿಲ್ಲ. ಆಸ್ಪತ್ರೆಯವರು ಗದರಿದರೂ ಏಳಲಿಲ್ಲ. ಎಬ್ಬಿಸಿದ್ದು ತೌಹು. ಒಂದು ಬೆಳಿಗ್ಗೆ ಅದು ಬಾಗಿಲ ಬಳಿ ಹೋಗಿ ಕುಂಯ್ ಎಂದು ನಿಂತಿತು, ನಾನು ಹಿತ್ತಲಲ್ಲಿದ್ದೆ, ಅವರು ಎಡಗೈಯಲ್ಲಿ ಹಗ್ಗ ಹಿಡಿದು ಎದ್ದುಬಿಟ್ಟರು. ಅಂದಿನಿಂದ ಇಬ್ಬರೂ ದಿನಾ ಹೊಳೆಯ ಏರಿಯ ಮೇಲೆ ಹೋಗಿಬರುತ್ತಿದ್ದರು. ಅವರು ನಿಂತರೆ ಅದೂ ನಿಲ್ಲುವುದು. ಅವರು ಕಾಲೆಳೆದರೆ ಅದೂ ಹೆಜ್ಜೆ ಸಣ್ಣದು ಮಾಡುವುದು. "ನಿಮ್ಮನೆಯವರಿಗೆ ನೀನು ಹೆಂಡ್ತಿ ಅಷ್ಟೇ ಕಣೇ," ಎಂದು ಬೀಕಿಮ್ ಅಕ್ಕ ಛೇಡಿಸುತ್ತಿದ್ದಳು. "ಡಾಕ್ಟ್ರು ಅದು."

ಓಣಿಯ ಮೂಲೆಯಲ್ಲಿ ಹೊಸ ಚಹಾ ಅಂಗಡಿ ತೆರೆದ ದಿನ ಎಲ್ಲ ಕೆಟ್ಟಿತು. ಇಬ್ಬರೂ ಏರಿಯಿಂದ ವಾಪಸು ಬರುತ್ತಿದ್ದರು. ಮಹಡಿಯ ಮೇಲಿಂದ ನೆಲಕ್ಕೆ ಮುಟ್ಟುವಂತೆ ಇಳಿಬಿಟ್ಟ ಪಟಾಕಿ ಸರಕ್ಕೆ ಯಾರೋ ಬೆಂಕಿಯಿಟ್ಟರು. ಅಂಗಡಿಯವರದೇನೂ ತಪ್ಪಿಲ್ಲ, ಒಳ್ಳೆಯ ಗಳಿಗೆ ನೋಡಿ ಹಚ್ಚಿದ್ದರು. ಆದರೆ ಇವರಿಬ್ಬರೂ ಸರಿಯಾಗಿ ಅದರ ಮಗ್ಗುಲಲ್ಲೇ ಇದ್ದರು. ತೌಹು ಕೊರಳಪಟ್ಟಿಯಿಂದ ತಲೆ ಕಿತ್ತುಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಬೀಕಿಮ್ ಅಕ್ಕ ನಮ್ಮನೆಯವರ ತೋಳು ಹಿಡಿದು ಕರೆತಂದಳು. ಅವರು ಖಾಲಿ ಕೊರಳಪಟ್ಟಿಯನ್ನು ನೆಲದ ಮೇಲೆ ಎಳೆದುಕೊಂಡೇ ಬಂದರು. ನಾಯಿ ಅವರಿಗಿಂತ ಮೊದಲೇ ಮನೆ ಸೇರಿ ಹೊಲಿಗೆ ಮೆಷಿನ್ನಿನ ಕೆಳಗೆ ನುಗ್ಗಿ, ಪೆಡಲಿನ ಮೇಲೆ ಮುದುಡಿಕೊಂಡಿತ್ತು. ನೆಲ ಒದ್ದೆಯಾಗಿತ್ತು.

ಆಮೇಲೆ ಅದು ಅಲ್ಲಿಂದ ಹೊರಬರಲಿಲ್ಲ. ಹಿತ್ತಲಿಗೆ ಹೋಗುವುದು, ತಿರುಗಿ ಓಡಿ ಬರುವುದು, ಅಷ್ಟೇ. ಮೋಟರ್‌ಸೈಕಲ್ ಕೆಮ್ಮಿದರೂ ನಡುಕ, ಪಕ್ಕದ ಮನೆಯ ಶಟರ್ ಎಳೆದರೂ ನಡುಕ. ನಮ್ಮನೆಯವರು ಮೆಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು, ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾನು ಏಳಿ, ನಾವಿಬ್ಬರೇ ಹೋಗಿಬರೋಣ ಎಂದರೆ ಕೆಳಗೆ ಬೆರಳು ತೋರಿಸಿ "ನಾಳೆ" ಎನ್ನುತ್ತಿದ್ದರು. ದಿನಾ ನಾಳೆ. ಆಸ್ಪತ್ರೆಗೆ ಹೋದಾಗ ವ್ಯಾಯಾಮ ಮಾಡಿಸುವ ಹುಡುಗ ಅವರ ಮೊಣಕಾಲು ಹಿಡಿದು ನೋಡಿ ಮುಖ ಸಣ್ಣದು ಮಾಡಿದ. ಹೀಗೇ ಬಿಟ್ಟರೆ ಹೊಸ ವರ್ಷದ ಹೊತ್ತಿಗೆ ಗಾಲಿಕುರ್ಚಿಯೇ ಗತಿ ಎಂದ. ನಾಯಿ ಹೊರಗೆ ಹೆಜ್ಜೆಯಿಡದಿದ್ದರೆ ಅವರೂ ಇಡುವುದಿಲ್ಲ ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ತೌಹುವನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ ನಾಯಿ ಡಾಕ್ಟರ ಹತ್ತಿರ ಒಯ್ದೆವು. ನಮ್ಮನೆಯವರೂ ಟ್ಯಾಕ್ಸಿ ಹತ್ತಿದರು. ಅಲ್ಲಿ ಚೀಟಿ ಕೊಡುವ ಕಿಟಕಿಯ ಹುಡುಗಿ "ಸ್ಯಾವ್ ತೌಹು! ಸ್ಯಾವ್ ತೌಹು ಇದ್ದಾರಾ?" ಎಂದು ಕೂಗಿದಾಗ, ತಮ್ಮ ಮನೆತನದ ಹೆಸರು ನಾಯಿಗೆ ಅಂಟಿದ್ದು ಕೇಳಿ ಅವರು ಜೋರಾಗಿ ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು. ಅದೊಂದಕ್ಕೇ ಆ ಹುಡುಗಿಗೆ ಕೈಮುಗಿಯಬೇಕು ಎನಿಸಿತು.

ಡಾಕ್ಟರ್ ಯೆನ್ ವಯಸ್ಸಿನಲ್ಲಿ ಚಿಕ್ಕವರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ನಾಯಿಯನ್ನು ನೋಡದೆ ನನ್ನನ್ನೇ ನೋಡುತ್ತ ಮಾತಾಡಿದರು.

"ಬೈತೀರಾ ಇದಕ್ಕೆ?"

"ಇಲ್ಲ ಡಾಕ್ಟ್ರೇ. ಮುದ್ದು ಮಾಡ್ತೀನಿ. ಮುದ್ದು ಮಾಡಿದ್ರೆ ಭಯ ಇನ್ನೂ ಜಾಸ್ತಿ ಆಗುತ್ತೆ ಅಂತ ಓಣಿಯವ್ರು ಹೇಳ್ತಾರೆ. ಹಂಗಾಗಿ ಒಂದು ಸಲ ಮುದ್ದು ಮಾಡ್ತೀನಿ, ಇನ್ನೊಂದು ಸಲ ಬಿಟ್ಬಿಡ್ತೀನಿ. ಯಾವುದು ಸರಿ ಅಂತ ಗೊತ್ತಾಗ್ತಿಲ್ಲ."

"ಮಾಡಿ ಅಮ್ಮಾ, ಧಾರಾಳವಾಗಿ ಮಾಡಿ. ಭಯ ಪಟ್ಟೋರನ್ನ ಸಮಾಧಾನ ಮಾಡಿದ್ರೆ ಭಯ ಬೆಳೆಯಲ್ಲ. ಎಳೆದು ಮಾತ್ರ ಹೊರಗೆ ತರಬೇಡಿ. ಮೆಷಿನ್ ಕೆಳಗಿನ ಜಾಗ ಅದರ ಮನೆ, ಅಲ್ಲೊಂದು ಹೊದಿಕೆ ಹಾಕಿ. ಆಮೇಲೆ ಪಟಾಕಿ ಸದ್ದನ್ನ ತೀರಾ ಸಣ್ಣಗೆ, ಇದೆಯೋ ಇಲ್ವೋ ಅನ್ನೋ ಹಾಗೆ ಕೇಳಿಸಿ. ಸದ್ದಿಗೆ ಅದರ ಇಷ್ಟದ ತಿಂಡಿ ಜೋಡಿಸಿ. ತಿನ್ನೋದು ನಿಲ್ಲಿಸ್ತು ಅಂದ್ರೆ ಸದ್ದು ಜಾಸ್ತಿ ಆಯ್ತು ಅಂತ. ಇಳಿಸಿ. ದಿನಾ ಒಂಚೂರು, ಒಂಚೂರು."

"ಎಷ್ಟು ದಿನ ಹಿಡಿಯುತ್ತೆ?"

"ಅದನ್ನ ಸ್ಯಾವ್ ತೌಹು ಅವ್ರನ್ನೇ ಕೇಳ್ಬೇಕು."

ಎದುರು ಮನೆಯಲ್ಲಿ ಮದುವೆ ಗೊತ್ತಾಗಿದೆ, ಚಳಿಗಾಲಕ್ಕೆ, ಹುಡುಗನ ತಾಯಿ ಪಟಾಕಿ ಅಂಗಡಿಯವಳು ಎಂದು ನಾನು ಹೇಳಿದೆ. ಡಾಕ್ಟರ್ ಯೆನ್ ಚೀಟಿ ಎಳೆದುಕೊಂಡು ಬರೆಯತೊಡಗಿದರು. "ಆ ದಿನಕ್ಕೆ ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಒಂದನ್ನೇ ನೆಚ್ಚಬೇಡಿ," ಎಂದರು.

ಪಟಾಕಿ ಸದ್ದನ್ನು ಸಣ್ಣಗೆ ಎಲ್ಲಿಂದ ತರುವುದು? ಬೀಕಿಮ್ ಅಕ್ಕನನ್ನು ಕೇಳಲು ನಾನು ಎರಡು ಸಲ ಅವಳ ಹೊಸ್ತಿಲವರೆಗೂ ಹೋಗಿ, ಊದುಬತ್ತಿ ಕೊಂಡು ವಾಪಸು ಬಂದೆ. ಮೂರನೆಯ ಸಲ ಅವಳೇ ತಡೆದಳು.

"ಏನೇ ಲಿಯೆನ್‌ಕಿ, ನಿಮ್ಮನೇಲಿ ಊದುಬತ್ತೀನ ಪಲ್ಯ ಮಾಡ್ತೀರಾ? ಏನು ಬೇಕು, ಬಾಯಿಬಿಟ್ಟು ಹೇಳು."

ಹೇಳಿದೆ. ಅವಳು ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬ ಇಳಿಸಿದಳು. ಕರೆಂಟಿನ ಪಟಾಕಿ. ಕೆಂಪು ಪ್ಲಾಸ್ಟಿಕ್ಕಿನ ಸುಳ್ಳು ಪಟಾಕಿಗಳ ಸರ, ಒಳಗೆ ಮಿನುಗುವ ದೀಪ, ಕೆಳಗೊಂದು ಸ್ಪೀಕರು, ಸದ್ದು ಏರಿಸಿ ಇಳಿಸಲು ತಿರುಗಣೆ.

"ಹೊಗೆ ಇಲ್ಲ, ಬೂದಿ ಇಲ್ಲ, ನನಗೆ ವ್ಯಾಪಾರಾನೂ ಇಲ್ಲ," ಎಂದಳು. "ಇದು ಬಂದ್ಮೇಲೆ ನನ್ನ ಹೊಟ್ಟೆ ಮೇಲೆ ಹೊಡೀತು. ನಿನ್ನ ನಾಯಿಗಾದ್ರೂ ಉಪಯೋಗಕ್ಕೆ ಬರ್ಲಿ, ತಗೊಂಡ್ಹೋಗು."

ಸಂಜೆ ಹೊತ್ತಿಗೆ ಶುರುಮಾಡಿದೆ. ತೌಹುವಿಗೆ ಸಿಹಿಗೆಣಸು ಎಂದರೆ ಪ್ರಾಣ. ಕರೆಂಟಿನ ಕುಕ್ಕರಿನಲ್ಲಿ ಗೆಣಸು ಬೇಯಲು ಇಡುವೆ. ಬೆಂದಾಗ ಕುಕ್ಕರಿನ ಗುಂಡಿ ಟಕ್ ಎಂದು ಮೇಲೆ ಹಾರುತ್ತದೆ. ಗೆಣಸನ್ನು ತುಂಡು ಮಾಡಿ, ಆರಿಸಿ, ಪುಟ್ಟ ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿ ಮೆಷಿನ್ನಿನ ಮುಂದೆ ಇಡುವೆ. ಸ್ವಲ್ಪ ಕಾಯುವೆ. ಆಮೇಲೆ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುವೆ. ಬೀಕಿಮ್ ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ಎಲ್ಲಾ ಸರಿಯಾಗಿದೆ ಕಣೇ, ಒಂದು ಊದುಬತ್ತಿ ಕಮ್ಮಿ," ಎಂದಳು. ನಾನೂ ನಕ್ಕೆ. ಆ ನಗೆಯಲ್ಲೇ ಉತ್ತರ ಇತ್ತು ಎಂದು ಆಗ ತಿಳಿಯಲಿಲ್ಲ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ತೌಹು ಮೂತಿ ಮಾತ್ರ ಹೊರಗೆ ಚಾಚಿ ತಿಂದಿತು. ಸದ್ದು ಬಂದರೆ ಕಿವಿ ಅಲುಗುವುದು, ಅಷ್ಟೇ. ಆಮೇಲೆ ತಿನ್ನುವುದು ನಿಧಾನವಾಯಿತು. ಆಮೇಲೆ ತಟ್ಟೆಯನ್ನು ನೋಡಿ ಮುಖ ತಿರುಗಿಸಿತು. ನಾನು ಸದ್ದು ಇಳಿಸಿದೆ. ಸರಿಹೋಗಲಿಲ್ಲ. ಇನ್ನೂ ಇಳಿಸಿದೆ. ಒಂದು ಸಂಜೆ ಪಟಾಕಿ ಡಬ್ಬವನ್ನು ನಾನು ಮುಟ್ಟಿಯೇ ಇರಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರಿನ ಗುಂಡಿ ಟಕ್ ಎಂದಿತು, ಅಷ್ಟಕ್ಕೇ ತೌಹು ಗೋಡೆಗೆ ಒತ್ತಿಕೊಂಡು ಗಡಗಡ ನಡುಗತೊಡಗಿತು.

ಮೊದಲು ಅದಕ್ಕೆ ಪಟಾಕಿಯಂಥ ಸದ್ದುಗಳ ಭಯವಷ್ಟೇ ಇತ್ತು. ಈಗ ಗೆಣಸಿನ ಭಯ, ಕುಕ್ಕರಿನ ಭಯ, ಪುಟ್ಟ ತಟ್ಟೆಯ ಭಯ. ಎಲ್ಲವನ್ನೂ ನಾನೇ ಕೈಯಾರೆ ಕಲಿಸಿದ್ದೆ, ಆದರೆ ಹೇಗೆ ಕಲಿಸಿದೆ ಎಂದು ಮಾತ್ರ ಗೊತ್ತಾಗಲಿಲ್ಲ. ಗೆಣಸು ಬಿಟ್ಟು ಕೋಳಿಮಾಂಸ ಬೇಯಿಸಿ ತಟ್ಟೆಯಲ್ಲಿಟ್ಟೆ. ಅದನ್ನೂ ಮೂಸಲಿಲ್ಲ.

"ಪಟಾಕಿಗೆ ಹೆದರೋ ನಾಯಿ ಊರ ತುಂಬಾ ಇದಾವೆ," ಎಂದಳು ಬೀಕಿಮ್ ಅಕ್ಕ. "ಗೆಣಸಿಗೆ ಹೆದರೋ ನಾಯೀನ ಇದೇ ಮೊದಲು ನೋಡಿದ್ದು!" ನನ್ನ ಮುಖ ಕಂಡು, "ಅಯ್ಯೋ, ಅಳ್ತೀಯೇನೇ? ತಮಾಷೆಗಂದೆ ಕಣೇ," ಎಂದು ಬೆನ್ನು ಸವರಿದಳು.

ನಮ್ಮನೆಯವರು ಕುರ್ಚಿಯಲ್ಲಿ ಕೂತು ಇದೆಲ್ಲವನ್ನೂ ನೋಡುತ್ತಿದ್ದರು. ಆ ದಿನಗಳಲ್ಲೇ ಅವರು ಒಂದು ಮಾತು ಹಿಡಿದರು.

"ಪಟಾಕಿ... ಊಟ."

"ಊಟ, ಪಟಾಕಿ," ಎಂದು ನಾನು ನಿಧಾನಕ್ಕೆ ತಿದ್ದಿದೆ. "ಮೊದ್ಲು ಊಟ ಇಡ್ತೀವಿ, ಆಮೇಲೆ ಪಟಾಕಿ. ಹೇಳಿ, ಊಟ, ಪಟಾಕಿ."

ಅವರು ತಲೆಯಾಡಿಸಿದರು. "ಪಟಾಕಿ. ಊಟ."

"ಊಟ, ಪಟಾಕಿ."

ಅವರು ಹಗ್ಗದಿಂದ ತೊಡೆಗೆ ಹೊಡೆದುಕೊಂಡರು. ಮರುದಿನವೂ ಅದೇ. ನಾನು ತಿದ್ದುವುದು, ಅವರು ಮತ್ತೆ ಉಲ್ಟಾ ಹೇಳುವುದು. ಕೊನೆಗೆ ಸಿಟ್ಟಿನಿಂದ ಎದುರು ಮನೆಯ ಕಡೆ ಕೈ ತೋರಿಸಿ "ಮದುವೆ!" ಎಂದು ಕೂಗಿದರು.

"ಹೌದು, ಮದುವೆ ಇದೆ. ಹೋಗೋಣಂತೆ. ನಿಮಗೆ ಬೂದು ಕೋಟು ಇಸ್ತ್ರಿ ಮಾಡಿಸ್ತೀನಿ," ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಬುದ್ಧಿಯಿಲ್ಲದವಳ ಜೊತೆ ಏನು ಮಾತು ಎನ್ನುವ ಹಾಗೆ.

ಅಷ್ಟರಲ್ಲಿ ಬೀಕಿಮ್ ಅಕ್ಕ ಮದುವೆ ಕರೆಯಲು ಬಂದಳು, ಕೈಯಲ್ಲಿ ಕೆಂಪು ಡಬ್ಬದ ಮದುವೆ ಸಿಹಿ. ಮಗ ಕಿನ್‌ಹೋಂಗನ ಬಗ್ಗೆ, ಸೊಸೆಯಾಗುವ ಹುಡುಗಿಯ ಬಗ್ಗೆ ಏನೋ ಹೇಳುತ್ತಿದ್ದಳು. ನಮ್ಮನೆಯವರು ಅವಳ ತೋಳು ಹಿಡಿದು ಜಗ್ಗಿದರು. ನನ್ನನ್ನು ತೋರಿಸಿದರು, ನೆಲದ ಮೇಲಿದ್ದ ಪುಟ್ಟ ತಟ್ಟೆಯನ್ನು ತೋರಿಸಿದರು, ಗೋಡೆಯ ಮೇಲಿನ ದೇವರ ಪೀಠವನ್ನು ತೋರಿಸಿ ಕೈಯಾಡಿಸಿದರು.

"ದೇವರು ಅಲ್ಲ. ಮದುವೆ. ಪಟಾಕಿ, ಊಟ."

ಬೀಕಿಮ್ ಅಕ್ಕ ಡಬ್ಬ ಹಿಡಿದು ಹಾಗೇ ನಿಂತಳು. ತಟ್ಟೆ ನೋಡಿದಳು, ಪೀಠ ನೋಡಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ನಗತೊಡಗಿದಳು.

"ಅಯ್ಯೋ ನನ್ನ ತಾಯಿ! ಲಿಯೆನ್‌ಕಿ, ನೀನು ನಾಯಿಗೆ ಎಡೆ ಇಡ್ತಿದೀಯಲ್ಲೇ! ದೇವರ ಪೂಜೇಲಿ ಹೆಂಗೆ? ಮೊದ್ಲು ಎಡೆ, ಆಮೇಲೆ ಊದುಬತ್ತಿ, ಆಮೇಲೆ ಕಾಗದ ಸುಡೋದು, ಎಲ್ಲಾ ಮುಗಿದ್ಮೇಲೆ ಢಂಢಂ. ಮದುವೇಲಿ? ಕಾರು ಬಂತು, ಮೊದ್ಲು ಢಂಢಂ, ಆಮೇಲೆ ಊಟ! ನೀನು ಗೆಣಸು ತೋರ್ಸಿ ತೋರ್ಸಿ ಪಟಾಕಿ ಹೊಡೆದ್ರೆ ಆ ಪಾಪದ ಜೀವ ಏನಂದ್ಕೊಳುತ್ತೆ? ಗೆಣಸು ಬಂತು, ಇನ್ನೇನು ಪಟಾಕಿ ಬಂತು ಅಂದ್ಕೊಳುತ್ತೆ!"

ನಾನು ನೆಲದ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ ಕ್ರಮ ಅದು. ಎಡೆಯನ್ನು ಒಪ್ಪವಾಗಿಡು, ದೇವರು ಉಣ್ಣುವಷ್ಟು ಹೊತ್ತು ಕಾಯಿ, ಕೊನೆಗೆ ಪಟಾಕಿ ಹಚ್ಚಿ ಬೀಳ್ಕೊಡು. ತಿಂಡಿ ಮತ್ತು ಪಟಾಕಿ ಎರಡನ್ನೂ ಜೋಡಿಸು ಎಂದಾಗ ನನ್ನ ಕೈಗಳು ತಮಗೆ ಗೊತ್ತಿದ್ದ ಹಾಗೆ ಜೋಡಿಸಿದ್ದವು. ಇನ್ನೊಂದು ಕ್ರಮ ಇರಬಹುದೆಂದು ಯೋಚನೆಯೇ ಬರಲಿಲ್ಲ. ಅವರು ಮಾತ್ರ ಎಷ್ಟು ದಿನದಿಂದ ಹೇಳುತ್ತಿದ್ದರು! ಅವರ ಪದಗಳು ಸರಿಯಾದ ಸಾಲಿನಲ್ಲೇ ನಿಂತಿದ್ದವು, ನಾನು ಅವನ್ನು ಹಿಡಿದು ಉಲ್ಟಾ ಮಾಡುತ್ತಿದ್ದೆ.

ನಮ್ಮನೆಯವರ ಕಡೆ ನೋಡಿದೆ. "ಪಟಾಕಿ, ಊಟ," ಎಂದೆ.

"ಹ್ಞೂಂ," ಎಂದರು ಅವರು, ದೊಡ್ಡ ನಿಟ್ಟುಸಿರು ಬಿಟ್ಟು.

ಡಾಕ್ಟರ್ ಯೆನ್ ಅವರಿಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಅಯ್ಯೋ, ಸದ್ದು ಮೊದ್ಲು ಅಂತ ನಾನೇ ಬಿಡಿಸಿ ಹೇಳ್ಬೇಕಿತ್ತು ಅಮ್ಮಾ, ನಂದೇ ತಪ್ಪು," ಎಂದರು. "ಯಾರು ಕಂಡುಹಿಡಿದ್ರು ಇದನ್ನ?" ನಮ್ಮನೆಯವರು ಎಂದೆ. "ಅವ್ರಿಗೇ ಕೊಡಿ ಕೆಲಸಾನ. ಗೆಣಸನ್ನ ಸ್ವಲ್ಪ ದಿನ ಮರೆತುಬಿಡಿ. ಹೊಸಾ ತಿಂಡಿ, ಹೊಸಾ ಕೈ. ತಟ್ಟೆ ಬೇಡ."

ಮತ್ತೆ ಮೊದಲಿಂದ ಶುರುವಾಯಿತು. ಕರೆಂಟಿನ ಪಟಾಕಿಯನ್ನು ನಾನು ಒಳಕೋಣೆಗೆ ಒಯ್ದು ಪರದೆಯ ಹಿಂದೆ ಕೂತೆ. ನಮ್ಮನೆಯವರು ಕುರ್ಚಿಯಲ್ಲಿ, ಜೇಬಿನಲ್ಲಿ ಒಣಗಿಸಿದ ಕೋಳಿಯ ಸಣ್ಣ ಚೂರುಗಳು. ನಾನು ತಿರುಗಣೆಯನ್ನು ಇನ್ನಿಲ್ಲದಷ್ಟು ಸಣ್ಣಗೆ ತಿರುಗಿಸುವೆ, ಪಕ್ಕದ ಊರಿನಲ್ಲಿ ಯಾರದೋ ಮದುವೆ ಎನ್ನುವ ಹಾಗೆ. ಸದ್ದು ನಿಲ್ಲುತ್ತಲೇ ಅವರು "ಊಟ" ಎಂದು ಕೈ ಕೆಳಗೆ ಚಾಚುವರು. ಎಡಗೈಯಲ್ಲಿ ಹಗ್ಗವಿರುತ್ತಿತ್ತು, ಅದನ್ನು ಬಿಡಲು ಅವರು ಒಪ್ಪಲಿಲ್ಲ. ಹಾಗಾಗಿ ಕೊಡಬೇಕಾದದ್ದು ಬಲಗೈ. ಎಷ್ಟೋ ಚೂರುಗಳು ಬೆರಳ ಸಂದಿಯಿಂದ ಉದುರಿ ಹೋದವು. ಉದುರಿದ್ದನ್ನು ತಿನ್ನಲು ತೌಹು ಮೆಷಿನ್ನಿನಿಂದ ಒಂದು ಗೇಣು ಹೊರಗೆ ಬರಬೇಕಾಗುತ್ತಿತ್ತು. ಬಂತು. ಒಂದು ಗೇಣು, ಆಮೇಲೆ ಅರ್ಧ ಮೈ.

ನಡುವೆ ಹಾಳಾದ ದಿನಗಳೂ ಇದ್ದವು. ಗ್ಯಾಸ್ ಸಿಲಿಂಡರಿನ ಗಾಡಿ ನಮ್ಮ ಬಾಗಿಲಲ್ಲೇ ಸಿಲಿಂಡರ್ ಉರುಳಿಸಿದಾಗ ಎಲ್ಲ ಮತ್ತೆ ಹಿಂದಕ್ಕೆ ಹೋಯಿತು. ನಾನು ಸದ್ದು ಬೇಗ ಏರಿಸಿದೆನೇನೋ, ನಿಧಾನ ಮಾಡಿದೆನೇನೋ ಎಂದು ಪರದೆಯ ಹಿಂದೆ ಕೂತು ಕೊರಗುತ್ತಿದ್ದೆ. ನಮ್ಮನೆಯವರಿಗೆ ಆ ಚಿಂತೆ ಇರಲಿಲ್ಲ. "ನಾಳೆ" ಎನ್ನುತ್ತಿದ್ದರು. ಅದೇ ಪದ, ಆದರೆ ಈಗ ಕೇಳಲು ಬೇರೆಯಾಗಿತ್ತು.

ಒಂದು ಸಂಜೆ ನಾನು ತಿರುಗಣೆ ತಿರುಗಿಸಿ ಪರದೆಯ ಸಂದಿಯಿಂದ ಇಣುಕಿದೆ. ಸದ್ದು ಕೇಳಿದ ತೌಹು ನಡುಗಲಿಲ್ಲ, ಒಳಗೂ ಸರಿಯಲಿಲ್ಲ. ಕತ್ತು ತಿರುಗಿಸಿ ನಮ್ಮನೆಯವರ ಬಲಗೈಯನ್ನು ನೋಡಿತು. ಇನ್ನೂ ಯಾಕೆ ಕೊಡಲಿಲ್ಲ ಎಂದು ಕೇಳುವ ಹಾಗೆ. ನಾನು ಪರದೆಯಿಂದ ಕಣ್ಣೊರೆಸಿಕೊಂಡೆ.

ಆದರೂ ಕರೆಂಟಿನ ಪಟಾಕಿ ಬೇರೆ, ಬೆಂಕಿಯ ಪಟಾಕಿ ಬೇರೆ. ಮದುವೆ ಹತ್ತಿರ ಬಂದಿತ್ತು. ಮಗನ ಮದುವೆಗೆ ಪಟಾಕಿ ಹಚ್ಚಬೇಡ ಎಂದು ಪಟಾಕಿ ಅಂಗಡಿಯವಳಿಗೆ ಯಾವ ಬಾಯಲ್ಲಿ ಹೇಳುವುದು? ತೌಹುವನ್ನು ಆ ದಿನ ಬೇರೆ ಕಡೆ ಒಯ್ಯೋಣವೆಂದರೆ ಅದು ಓಣಿಗೇ ಕಾಲಿಡುತ್ತಿಲ್ಲ. ನಾನು ಮತ್ತೆ ಊದುಬತ್ತಿ ಕೊಳ್ಳಲು ಹೋದೆ.

"ಹೇಳು," ಎಂದಳು ಬೀಕಿಮ್ ಅಕ್ಕ, ತಲೆಯೆತ್ತದೆ.

"ಏನಿಲ್ಲಕ್ಕ, ಊದುಬತ್ತಿ..."

"ನಿಮ್ಮನೇಲಿ ಇರೋ ಊದುಬತ್ತಿ ಹಚ್ಚಿದ್ರೆ ಅಗ್ನಿಶಾಮಕದವ್ರು ಬರ್ತಾರೆ. ಕೇಳಿಲ್ಲಿ. ಪಟಾಕಿ ಹಚ್ದೇ ಇರೋಕೆ ನನ್ ಕೈಲಾಗಲ್ಲ. ಪಟಾಕಿಯವಳ ಮಗನ ಮದುವೇಲಿ ಪಟಾಕಿ ಇರ್ಲಿಲ್ಲ ಅಂತ ಊರೋರು ಸಾಯೋವರ್ಗೂ ಆಡ್ಕೋತಾರೆ. ಆದ್ರೆ ಬಾಗಿಲಲ್ಲೇ ಹಚ್ಬೇಕು ಅಂತ ಎಲ್ಲಿದೆ? ಓಣಿ ಬಾಯಲ್ಲಿ, ದೊಡ್ಡ ರಸ್ತೆ ಆಚೆ ಹಚ್ತೀವಿ. ಕಾರು ಅಲ್ಲಿ ತಿರುಗುವಾಗ. ಬಾಗಿಲ ಮುಂದೆ ಕರೆಂಟಿಂದು. ಅದರ ಪರಿಚಯ ನಿನ್ನ ನಾಯಿಗೆ ಆಗಿದೆಯಲ್ಲ?"

ಊದುಬತ್ತಿಗೆಂದು ತೆಗೆದ ದುಡ್ಡನ್ನು ನಾನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

"ಕಾರು ಸೇತುವೆ ದಾಟಿದ ತಕ್ಷಣ ಫೋನ್ ಮಾಡಿಸ್ತೀನಿ, ತಯಾರಾಗಿರಿ. ಈಗ ಥ್ಯಾಂಕ್ಸು ಗೀಂಕ್ಸು ಅಂತ ಶುರುಮಾಡ್ಬೇಡ. ನನ್ನ ಕರೆಂಟಿನ ಪಟಾಕಿ ವಾಪಸ್ ತಂದ್ಕೊಡು ಸಾಕು."

ಮದುವೆಯ ದಿನ ಕಿಟಕಿಗಳನ್ನೆಲ್ಲ ಮುಚ್ಚಿ ಹತ್ತಿಯ ಕಂಬಳಿ ಕಟ್ಟಿದೆ. ಡಾಕ್ಟರ್ ಹೇಳಿದ ಹೊತ್ತಿಗೆ ಮಾತ್ರೆ ಕೊಟ್ಟೆ. ಟಿವಿಯಲ್ಲಿ ಯಾವುದೋ ಹಾಡಿನ ಕಾರ್ಯಕ್ರಮ ಹಾಕಿದೆ. ಎಲ್ಲವನ್ನೂ ಸರಿಯಾಗಿ ಮಾಡಿದೆನೇ ಎಂದು ಎಣಿಸಿ ನೋಡುತ್ತಿರುವಾಗಲೇ ಫೋನು ಬಡಿದುಕೊಂಡಿತು. ನಮ್ಮನೆಯವರು ಬೂದು ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಕೋಟಿನ ಜೇಬಿನ ತುಂಬ ಕೋಳಿ ಚೂರು.

ಓಣಿಯ ಬಾಯಲ್ಲಿ ಪಟಾಕಿ ಸಿಡಿಯಿತು. ದೂರವೇ. ಆದರೂ ಬೀಕಿಮ್ ಅಕ್ಕ ತನ್ನ ಮಗನಿಗೆ ಅಂಗಡಿಯಲ್ಲಿದ್ದ ಅತಿ ಉದ್ದದ ಸರವನ್ನೇ ಇಟ್ಟಿದ್ದಳೆಂದು ಕಾಣುತ್ತದೆ, ಮುಗಿಯಲೇ ಇಲ್ಲ. ತೌಹು ಕಿವಿಗಳನ್ನು ತಲೆಗೆ ಅಂಟಿಸಿತು. ಬಾಲ ಹೊಟ್ಟೆಯ ಕೆಳಗೆ ಹೋಯಿತು. ಮೆಷಿನ್ನಿನ ಕಡೆ ತಿರುಗಿ ಅರ್ಧ ಒಳಹೊಕ್ಕಿತು. ಅಲ್ಲೇ ನಿಂತಿತು. ಮೈ ನಡುಗುತ್ತಲೇ ಇತ್ತು. ಹಾಗೇ ನಡುಗುತ್ತ ಕತ್ತು ತಿರುಗಿಸಿ ಅವರ ಕೈಯನ್ನು ನೋಡಿತು.

"ಊಟ," ಎಂದರು ನಮ್ಮನೆಯವರು.

ಬಲಗೈ ಜೇಬಿಗೆ ಹೋಯಿತು, ತಡಕಾಡಿತು, ಹೊರಬಂತು. ಚೂರು ನೆಲಕ್ಕೆ ಬಿತ್ತು. ತೌಹು ತಿಂದಿತು. ಇನ್ನೊಂದು ಚೂರು ಬೀಳಲಿಲ್ಲ, ಬೆರಳುಗಳ ನಡುವೆಯೇ ನಿಂತಿತ್ತು. ಅದನ್ನು ಅವರ ಕೈಯಿಂದಲೇ ತಿಂದಿತು. ಎದುರು ಬಾಗಿಲಲ್ಲಿ ಕರೆಂಟಿನ ಪಟಾಕಿ ಶುರುವಾದಾಗ, ಇದು ನಮ್ಮದೇ ಎನ್ನುವ ಹಾಗೆ, ಅದು ಬಾಯಿ ಚಪ್ಪರಿಸುತ್ತ ಕೂತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಬೀಕಿಮ್ ಅಕ್ಕ. ಕಡುಕೆಂಪು ಉಡುಪು, ಎದೆಯ ಮೇಲೆ ಮದುಮಗನ ತಾಯಿಯ ಹೂಗುಚ್ಛ, ಕೈಯಲ್ಲಿ ಕೆಂಪು ಬಿಳಿ ಅಕ್ಕಿಯುಂಡೆಗಳ ಸಿಹಿ ಸಾರಿನ ಬಟ್ಟಲು. ಮನೆ ತುಂಬ ಬೀಗರನ್ನು ಬಿಟ್ಟು ಬಂದಿದ್ದಳು.

"ಪಟಾಕಿ ಆಯ್ತು, ಊಟ ಎಲ್ಲಿ ಅಂತ ಯಜಮಾನ್ರು ಕಾಯ್ತಿರ್ತಾರಲ್ಲ, ತಂದೆ," ಎಂದಳು. ಬಗ್ಗಿ ಮೆಷಿನ್ನಿನ ಕೆಳಗೆ ನೋಡಿದಳು. "ಏನಪ್ಪಾ ಸ್ಯಾವ್ ತೌಹು, ನನ್ ಮಗನ ಮದುವೆ ಮಾಡೋಕೆ ಅಪ್ಪಣೆ ಕೊಟ್ಯಾ?"

ನಾನು ಅವಳ ಕೈ ಹಿಡಿದುಕೊಂಡೆ. ಹೇಳಬೇಕೆಂದು ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಿಂದೆ ಮುಂದೆಯಾಗಿ ಒಂದೂ ಹೊರಬರಲಿಲ್ಲ. "ಬಿಡೇ, ಹೂವು ಹಾಳಾಗುತ್ತೆ," ಎಂದು ಅವಳು ಓಡಿದಳು.

ಮದುವೆಯೂಟ ಮುಗಿಸಿ ಬಂದಾಗ ಇನ್ನೂ ಬಿಸಿಲಿತ್ತು. ನಾನು ಚಪ್ಪಲಿ ಬಿಡುತ್ತಿದ್ದೆ. ನಮ್ಮನೆಯವರು ಕೂರಲಿಲ್ಲ. ಹಗ್ಗ ತೆಗೆದುಕೊಂಡು ಬಾಗಿಲಲ್ಲೇ ನಿಂತರು. ಕರೆಯಲಿಲ್ಲ, ಎಳೆಯಲಿಲ್ಲ, ನಿಂತರು ಅಷ್ಟೇ. ತೌಹು ಮೆಷಿನ್ನಿನ ಕೆಳಗಿಂದ ಬಂತು. ಹೊಸ್ತಿಲಲ್ಲಿ ನಿಂತಿತು. ಗಾಳಿಗೆ ಓಣಿಯ ಬಾಯಿಂದ ಕೆಂಪು ಪಟಾಕಿ ಕಾಗದದ ಚೂರುಗಳು ಹಾರಿ ಬಂದಿದ್ದವು. ಅದು ಒಂದನ್ನು ಮೂಸಿ, ಸೀನಿ, ಹೊಸ್ತಿಲು ದಾಟಿತು.

ನಾನು ದೂರದಲ್ಲೇ ಹಿಂದೆ ಹೋದೆ. ಚಹಾ ಅಂಗಡಿಯ ಮೂಲೆಗೆ ಬಂದಾಗ ನಾಯಿ ನಿಂತಿತು. ಅವರೂ ನಿಂತರು. ಸರಿಯಾಗಿ ಆ ಹೊತ್ತಿಗೇ ಅಂಗಡಿಯ ಹುಡುಗಿ ಪಕ್ಕದ ಶಟರನ್ನು ಗಡಗಡ ಎಂದು ಕೆಳಗೆಳೆದಳು. ತೌಹು ನೆಲಕ್ಕೆ ಕುಸಿಯಿತು, ನಡುಗಿತು, ಆಮೇಲೆ ತಲೆಯೆತ್ತಿ ಅವರ ಬಲಗೈಯನ್ನು ನೋಡಿತು.

ಅವರು ಜೇಬಿಗೆ ಕೈ ಹಾಕಿದರು. ಒಂದು ಜೇಬು, ಇನ್ನೊಂದು ಜೇಬು. ಎಲ್ಲ ಮುಗಿದಿತ್ತು. ಅವರು ನನ್ನತ್ತ ತಿರುಗಿ ಓಣಿಯ ಎರಡೂ ಬದಿಯವರಿಗೆ ಕೇಳುವಂತೆ ಕೂಗಿದರು.

"ಊಟ!"

ನಾನು ಮನೆಗೆ ಓಡಿದೆ. ಬೀರುವಿನಲ್ಲಿದ್ದ ಡಬ್ಬ ತೆಗೆದು, ಕೈಗೆ ಸಿಕ್ಕಷ್ಟು ಕೋಳಿ ಚೂರು ಮುಷ್ಟಿಯಲ್ಲಿ ಹಿಡಿದು ವಾಪಸು ಓಡಿದೆ. ತಡವಾಯಿತು, ನಾನು ಮತ್ತೆ ಎಲ್ಲವನ್ನೂ ಹಾಳುಮಾಡಿದೆ ಎಂದೇ ಅಂದುಕೊಂಡು ಮೂಲೆಗೆ ಬಂದರೆ ಅಲ್ಲಿ ಇಬ್ಬರೂ ಇರಲಿಲ್ಲ. ಚಹಾ ಅಂಗಡಿಯ ಹುಡುಗಿ ನನ್ನ ಮುಖ ನೋಡಿ ಹೊಳೆಯ ಕಡೆ ಬೆರಳು ತೋರಿಸಿದಳು.

ಏರಿಯ ಇಳಿಜಾರಿನ ಮೇಲೆ ಬೂದು ಕೋಟು, ಅದರ ಪಕ್ಕ ಬಿಳಿಯ ನಾಯಿ. ಅವರು ಕಾಲೆಳೆದರೆ ಅದು ಹೆಜ್ಜೆ ಸಣ್ಣದು ಮಾಡುತ್ತಿತ್ತು. ನಾನು ಹುಡುಗಿಗೆ ತಲೆಬಾಗಿ, ಮುಷ್ಟಿ ಬಿಗಿಹಿಡಿದು ಅವರ ಹಿಂದೆ ಓಡಿದೆ.